ಪೀಪಾಯಿಯೊಳಗಿನ ಬಿಸಿಲು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಬಿಸಿಲು ಒಂದು ಹಂತದವರೆಗೆ ಗೆಳೆಯ, ಅಲ್ಲಿಂದಾಚೆಗೆ ವೈರಿ. ಕಣದಲ್ಲಿ ಹರಡಿದ ಕಾಯಿ ಒಣಗುವ ತನಕ ಬಿಸಿಲು ಬೇಕು. ಒಣಗಿದ ಮೇಲೆ ಅದೇ ಶಾಖ, ಬೆಳಕು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಮೂರೂ ಸೇರಿ ಕಾಯಿಯ ಕೆಂಪು ಬಣ್ಣವನ್ನು, ಅಂದರೆ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯವನ್ನು, ಮೆಲ್ಲಮೆಲ್ಲಗೆ ತಿಂದುಹಾಕುತ್ತವೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಹೀಗಾಗಿ ಊರ ಸುತ್ತ ಶೀತಲಗೃಹಗಳು ಎದ್ದಿವೆ. ಬಾಡಿಗೆ ಕೊಟ್ಟು ಚೀಲಗಳನ್ನು ತಂಪಿನಲ್ಲಿಡುವ ವ್ಯಾಪಾರಿ ನಿಜವಾಗಿ ಮಾಡುತ್ತಿರುವುದು ಕಾಲದ ಓಟವನ್ನು ತಡೆಯುವ ಕೆಲಸ.

ಇದಕ್ಕೆ ತೀರ ವಿರುದ್ಧವಾಗಿ, ಕಾಲ ಓಡಲಿ ಎಂದೇ ಸರಕನ್ನು ಕೂಡಿಡುವ ಉದ್ಯಮವೊಂದುಂಟು. ಅದು ವಿಸ್ಕಿ. ವಿದ್ಯಾರ್ಥಿಗಳ ಪುಟದಲ್ಲಿ ಮದ್ಯದ ಮಾತೇಕೆ ಎಂದು ಅಧ್ಯಾಪಕರು ಹುಬ್ಬೇರಿಸಬಹುದು. ಕುಡಿಯುವುದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ. ಒಂದು ಮರದ ಪೀಪಾಯಿಯಲ್ಲಿ ರಸಾಯನಶಾಸ್ತ್ರ, ಹಡಗು ವ್ಯಾಪಾರ, ತೆರಿಗೆ, ಬರಗಾಲ, ಸತ್ಯಾಗ್ರಹ ಎಲ್ಲವೂ ಸೇರಿಕೊಂಡಿರುವುದರಿಂದ ಅದರ ಚರಿತ್ರೆಯನ್ನು ಬಿಟ್ಟುಬಿಡುವುದು ನಷ್ಟವೆಂದು ನನ್ನ ಎಣಿಕೆ. ಅಲ್ಲದೆ ಈ ಚರಿತ್ರೆಯ ಒಂದು ಕುತೂಹಲಕರ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ಮೊದಲು ಧಾನ್ಯದ ಸಂಗತಿ. ಧಾನ್ಯದಲ್ಲಿರುವುದು ಪಿಷ್ಟ, ಯೀಸ್ಟ್ ತಿನ್ನುವುದು ಸಕ್ಕರೆಯನ್ನು. ಪಿಷ್ಟವನ್ನು ಸಕ್ಕರೆಯಾಗಿಸುವ ಅಮೈಲೇಸ್ ಎಂಬ ಕಿಣ್ವ ಕಾಳು ಮೊಳೆಯುವಾಗ ಹುಟ್ಟುತ್ತದೆ. ಹೆಸರುಕಾಳಿನ ಮೊಳಕೆ ಕಟ್ಟಿ ಬಲ್ಲವರಿಗೆ ಇದು ಹೊಸದಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ, ಬಿಸಿ ನೀರಿನಲ್ಲಿ ಕಲಸಿ, ಸೋಸಿ, ಹುದುಗಿಸಿ, ಭಟ್ಟಿ ಇಳಿಸಿದರೆ ಬರುವುದು ನೀರಿನಂತೆ ತಿಳಿಯಾದ, ಬಣ್ಣವಿಲ್ಲದ ದ್ರವ. ಗೋಧಿಯಿಂದಲೂ ಇದನ್ನು ಮಾಡಬಹುದು. ಆದರೆ ಬಾರ್ಲಿಯ ಕಾಳಿಗೆ ಹೊಟ್ಟು ಅಂಟಿಕೊಂಡಿರುತ್ತದೆ, ಸೋಸುವಾಗ ಆ ಹೊಟ್ಟೇ ಜರಡಿಯಾಗುತ್ತದೆ. ನಾವು ಚಪಾತಿಗೆ ಬಳಸುವ ಗೋಧಿಗೆ ಹೊಟ್ಟಿಲ್ಲ. ಕಲಸಿದರೆ ಅಂಟಂಟಾಗಿ ತೊಂದರೆ ಕೊಡುತ್ತದೆ. ಆದರೂ ಗೋಧಿಯ ಮದ್ಯ ಮೃದು ಎಂಬ ಹೆಸರಿದೆ. 1830ರಲ್ಲಿ ಈನಿಯಸ್ ಕಾಫಿ ಎಂಬಾತ ಗೋಪುರದಂಥ ನಿರಂತರ ಭಟ್ಟಿಗೆ ಪೇಟೆಂಟ್ ಪಡೆದ ಮೇಲೆ ಸ್ಕಾಟ್ಲೆಂಡಿನಲ್ಲಿ ಅಗ್ಗದ ಧಾನ್ಯಗಳ ವಿಸ್ಕಿ ಹೇರಳವಾಯಿತು. ಅಲ್ಲಿನ ಆ ಭಟ್ಟಿಗಳು 1980ರ ದಶಕದಲ್ಲಿ ಮೆಕ್ಕೆಜೋಳವನ್ನು ಬಿಟ್ಟು ಬಹುಮಟ್ಟಿಗೆ ಗೋಧಿಗೆ ತಿರುಗಿದವು. ಅಮೆರಿಕದ ಕಾನೂನಿನಂತೆ ಗೋಧಿ ವಿಸ್ಕಿ ಎನ್ನಬೇಕಾದರೆ ಕನಿಷ್ಠ ಶೇಕಡಾ 51ರಷ್ಟು ಗೋಧಿ ಇರಬೇಕು, ಒಳಗೆ ಸುಟ್ಟು ಕರಿ ಹಿಡಿಸಿದ ಹೊಸ ಓಕ್ ಪೀಪಾಯಿಯಲ್ಲಿ ಅದು ಮಾಗಬೇಕು. ಕೆಂಟಕಿ ಸಂಸ್ಥಾನದ ಹೆವನ್ ಹಿಲ್ ಕಂಪನಿ 2005ರಲ್ಲಿ ಅಂಥದ್ದೊಂದನ್ನು ಪೇಟೆಗೆ ತಂದಿತು. ಅನಂತರ ಕೆಲವು ಸಣ್ಣ ಭಟ್ಟಿಗಳು ಗೋಧಿ ವಿಸ್ಕಿಯನ್ನು ಪೋರ್ಟ್, ಶೆರಿ ವೈನುಗಳಿದ್ದ ಪೀಪಾಯಿಗಳಲ್ಲಿ ಕೆಲಕಾಲ ಇಟ್ಟು ನೋಡುವ ಪ್ರಯೋಗಕ್ಕೆ ಇಳಿದವು. ಧಾನ್ಯದ ರುಚಿ ಸೌಮ್ಯವಾಗಿದ್ದಷ್ಟೂ ಪೀಪಾಯಿಯ ಮಾತು ಜೋರಾಗಿ ಕೇಳಿಸುತ್ತದಲ್ಲವೇ?

ಈ ಪೋರ್ಟ್ ಮತ್ತು ಶೆರಿ ಎಂದರೇನು? ಹಡಗಿನ ಕಥೆ ಶುರುವಾಗುವುದು ಇಲ್ಲಿ. ಫ್ರಾನ್ಸಿನೊಂದಿಗೆ ಪದೇ ಪದೇ ಯುದ್ಧ ಹೂಡುತ್ತಿದ್ದ ಇಂಗ್ಲೆಂಡಿಗೆ ಫ್ರೆಂಚ್ ದ್ರಾಕ್ಷಾರಸ ದುರ್ಲಭವಾಯಿತು. 1703ರ ಮೆಥುಯೆನ್ ಒಪ್ಪಂದದ ಪ್ರಕಾರ ಪೋರ್ಚುಗಲ್ಲಿನ ವೈನಿಗೆ ಸುಂಕದಲ್ಲಿ ರಿಯಾಯಿತಿ ದೊರೆಯಿತು. ದೂರದ ಪ್ರಯಾಣದಲ್ಲಿ ವೈನ್ ಹುಳಿಯಾಗದಿರಲೆಂದು ಅದಕ್ಕೆ ಬ್ರಾಂದಿ ಬೆರೆಸುತ್ತಿದ್ದರು. ಮುಂದೆ ಇದೇ ಒಂದು ವಿಧಾನವಾಯಿತು: ರಸ ಅರ್ಧ ಹುದುಗಿರುವಾಗಲೇ ಬ್ರಾಂದಿ ಸುರಿದರೆ ಯೀಸ್ಟ್ ಸಾಯುತ್ತದೆ, ದ್ರಾಕ್ಷಿಯ ಸಿಹಿ ಉಳಿಯುತ್ತದೆ. ಇದೇ ಪೋರ್ಟ್. ಸ್ಪೇನಿನ ಹೆರೆಸ್ ಪಟ್ಟಣದ ಶೆರಿಯಲ್ಲಿ ಬ್ರಾಂದಿ ಬೀಳುವುದು ಹುದುಗುವಿಕೆ ಮುಗಿದ ಮೇಲೆ.

ಮೂರನೆಯದು ಮದೈರಾ ದ್ವೀಪದ ವೈನ್. ಇದರ ಕಥೆಯನ್ನು ಸ್ವಲ್ಪ ನಿಂತು ಕೇಳಬೇಕು. ಯುರೋಪಿನಿಂದ ಭಾರತಕ್ಕೂ ಅಮೆರಿಕಕ್ಕೂ ಹೊರಟ ಹಡಗುಗಳು ಮದೈರಾದಲ್ಲಿ ತಂಗಿ ಪೀಪಾಯಿಗಳನ್ನು ಏರಿಸಿಕೊಳ್ಳುತ್ತಿದ್ದವು. ಭೂಮಧ್ಯರೇಖೆ ದಾಟುವಾಗ ಹಡಗಿನ ಒಡಲು ಕುಲುಮೆಯಂತೆ ಕಾಯುತ್ತಿತ್ತು. ವೈನ್ ಕೆಟ್ಟಿತೆಂದೇ ಎಣಿಸಬೇಕು. ಆದರೆ ಮಾರಾಟವಾಗದೆ ಮರಳಿ ಬಂದ ಪೀಪಾಯಿಗಳನ್ನು ತೆರೆದು ನೋಡಿದರೆ ಮೊದಲಿಗಿಂತ ಸೊಗಸಾಗಿತ್ತು! ಉಷ್ಣವಲಯಕ್ಕೆ ಹೋಗಿ ಬಂದ ಮಾಲಿಗೆ ಹೆಚ್ಚಿನ ಬೆಲೆ ಬಂತು. ಪೀಪಾಯಿಗಳನ್ನು ಬರೀ ಕಾಯಿಸಿಕೊಂಡು ಬರಲೆಂದೇ ಹಡಗಿಗೆ ಹಾಕಿ ಕಳುಹಿಸಿದ್ದೂ ಉಂಟು. ಆಮೇಲೆ ಜಾಣರು ದ್ವೀಪದಲ್ಲಿಯೇ ಕೋಣೆಗಳನ್ನು ಬಿಸಿ ಮಾಡಿ ಅದೇ ಪರಿಣಾಮ ಪಡೆಯತೊಡಗಿದರು. ಶಾಖ ಕೆಡಿಸುವುದಷ್ಟೇ ಅಲ್ಲ, ಮಾಗಿಸಬಲ್ಲುದು ಕೂಡ ಎಂಬ ಪಾಠವನ್ನು ಯುರೋಪು ಕಲಿತದ್ದು ಭಾರತದ ಹಾದಿಯಲ್ಲಿ. ಆದರೆ ವಿಸ್ಕಿಯ ವಿಷಯದಲ್ಲಿ ಆ ಪಾಠವನ್ನು ಬಹುಕಾಲ ಯಾರೂ ನೆನಪಿಸಿಕೊಳ್ಳಲಿಲ್ಲ.

ಬ್ರಿಟನ್ನಿನ ಬಂದರುಗಳಲ್ಲಿ ಖಾಲಿಯಾದ ಶೆರಿ ಪೀಪಾಯಿಗಳು ಅಗ್ಗವಾಗಿ ಸಿಗುತ್ತಿದ್ದವು. ಸ್ಕಾಟ್ಲೆಂಡಿನವರು ಅವುಗಳಲ್ಲಿ ವಿಸ್ಕಿ ತುಂಬಿದ್ದು ರುಚಿಗಾಗಿ ಅಲ್ಲ, ಅವು ಕಣ್ಣೆದುರಿಗೆ ಬಿದ್ದಿದ್ದವೆಂದು. ರುಚಿ ಆಮೇಲೆ ತಿಳಿಯಿತು. ಇಂಗು ಇಟ್ಟ ಡಬ್ಬಿಯಲ್ಲಿ ಏನಿಟ್ಟರೂ ಇಂಗಿನ ವಾಸನೆ ಬರುವ ಹಾಗೆ, ವೈನ್ ಕುಡಿದ ಮರ ಅದನ್ನು ವಿಸ್ಕಿಗೆ ಬಿಟ್ಟುಕೊಡುತ್ತದೆ. ಮರದ ಲಿಗ್ನಿನ್ ಒಡೆದು ವೆನಿಲಾದ ಪರಿಮಳ ಕೊಡುವ ವೆನಿಲಿನ್ ಆಗುತ್ತದೆ. ಸುಟ್ಟ ಒಳಮೈಯಿಂದ ಕಂದು ಬಣ್ಣ, ಟ್ಯಾನಿನ್‌ನಿಂದ ಒಗರು. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲಿಯೇ ಬಾಟಲಿಗೆ ತುಂಬಬೇಕೆಂಬ ನಿಯಮ ಬಂದು ಖಾಲಿ ಪೀಪಾಯಿಗಳ ಹರಿವು ನಿಂತಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬಾಲ್ವೆನಿ ಭಟ್ಟಿಯ ಡೇವಿಡ್ ಸ್ಟೂವರ್ಟ್, ಸಾಧಾರಣ ಪೀಪಾಯಿಯಲ್ಲಿ ಮಾಗಿದ ವಿಸ್ಕಿಯನ್ನು ಕೊನೆಯ ಕೆಲವು ತಿಂಗಳು ಮಾತ್ರ ಶೆರಿ ಪೀಪಾಯಿಗೆ ವರ್ಗಾಯಿಸಿ ನೋಡಿದರು. ಒಗ್ಗರಣೆಯನ್ನು ಕೊನೆಯಲ್ಲಿ ಹಾಕುವಂಥ ಈ ಕ್ರಮ ಮುಂದೆ ಜಗತ್ತಿನ ರೂಢಿಯಾಯಿತು.

ಈಗ ಬೆಂಗಳೂರಿಗೆ ಬರೋಣ. ಜೆ. ಎನ್. ರಾಧಾಕೃಷ್ಣರಾವ್ ಜಗದಾಳೆಯವರು 1948ರಲ್ಲಿ ಅಮೃತ್ ಡಿಸ್ಟಿಲರೀಸ್ ಸ್ಥಾಪಿಸಿದರು. 1980ರ ದಶಕದಲ್ಲಿ ಅಲ್ಲಿ ಬಾರ್ಲಿಯ ಮದ್ಯ ತಯಾರಾಗತೊಡಗಿತು. ಅದನ್ನು ಬೇರೆ ಮಾಲಿನೊಂದಿಗೆ ಬೆರೆಸಿ ಮಾರುವುದು ಉದ್ದೇಶ. ಬೆರಕೆಯಿಲ್ಲದೆ ಅದನ್ನೇ ಮಾರಬಹುದೆಂಬ ಯೋಚನೆ ಬಂದದ್ದು ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ. ಸ್ಕಾಟ್ಲೆಂಡಿಗೆ ಒಯ್ದು ಹೆಸರು ಹೇಳದೆ ರುಚಿ ನೋಡಿಸಿದರು. ಕುಡಿದವರು ಅದನ್ನು ತಮ್ಮ ನಾಡಿನ, ಹಲವು ವರ್ಷ ಮಾಗಿದ ಸರಕೆಂದೇ ತಿಳಿದರು. 2004ರ ಆಗಸ್ಟ್ 24ರಂದು ಗ್ಲಾಸ್ಗೋ ನಗರದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಸ್ಕಾಚ್ ಹುಟ್ಟಿದ ನೆಲದಲ್ಲಿ! ಕೊಳ್ಳುವವರು ಮೊದಮೊದಲು ಮೂಗು ಮುರಿದರು. 2009ರಲ್ಲಿ ಬಂದ 'ಫ್ಯೂಷನ್' ಎಂಬುದಕ್ಕೆ ವಿಮರ್ಶಕ ಜಿಮ್ ಮರೇ ತಮ್ಮ 2010ರ ಕೈಪಿಡಿಯಲ್ಲಿ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಇರಿಸಿದ ಮೇಲೆ ಗಾಳಿ ತಿರುಗಿತು.

ನಾಲ್ಕೈದು ವರ್ಷದ ಮಾಲು ಹತ್ತು ಹನ್ನೆರಡು ವರ್ಷದ್ದೆಂದು ತೋರಿದ್ದು ಹೇಗೆ? ಉತ್ತರ ಬಿಸಿಲಿನಲ್ಲಿದೆ. ಮರ ಉಸಿರಾಡುತ್ತದೆ. ಬಿಸಿ ಏರಿದಾಗ ದ್ರವ ಹಿಗ್ಗಿ ಮರದ ರಂಧ್ರಗಳಿಗೆ ನುಗ್ಗುತ್ತದೆ, ತಂಪಾದಾಗ ಅಲ್ಲಿನ ಸಾರವನ್ನು ಹೊತ್ತು ಹಿಂತಿರುಗುತ್ತದೆ. ಜೊತೆಗೆ ಒಂದಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನವರು ಇದನ್ನು ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿನ ದೇವತೆಗಳು ಮಿತಭೋಜಿಗಳು, ವರ್ಷಕ್ಕೆ ಸುಮಾರು ಶೇಕಡಾ 2. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು ಶೇಕಡಾ 11. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡಿ, ಇದು ಚಕ್ರಬಡ್ಡಿಯ ಉಲ್ಟಾ ಲೆಕ್ಕ. 200 ಲೀಟರ್ ಪೀಪಾಯಿಯಲ್ಲಿ ನಾಲ್ಕು ವರ್ಷದ ನಂತರ ಸ್ಕಾಟ್ಲೆಂಡಿನಲ್ಲಿ ಸುಮಾರು 184 ಲೀಟರ್ ಉಳಿದರೆ ಬೆಂಗಳೂರಿನಲ್ಲಿ 125. ಹನ್ನೆರಡು ವರ್ಷ ಬಿಟ್ಟರೆ ಅಲ್ಲಿ 157, ಇಲ್ಲಿ 50ಕ್ಕೂ ಕಡಿಮೆ. ಒಂದು ಸೂಕ್ಷ್ಮವನ್ನೂ ಗಮನಿಸಬೇಕು: ತೇವದ ತಂಪು ಉಗ್ರಾಣದಲ್ಲಿ ಆಲ್ಕೊಹಾಲ್ ಹೆಚ್ಚು ಆರಿ ಮದ್ಯದ ಕಡುಪು ಇಳಿಯುತ್ತದೆ, ಒಣ ಸೆಕೆಯಲ್ಲಿ ನೀರು ಹೆಚ್ಚು ಆರುವುದರಿಂದ ಕಡುಪು ಏರಲೂಬಹುದು.

ಅಂದರೆ ಸೀಸೆಯ ಮೇಲಿನ ವರ್ಷ ಪಂಚಾಂಗದ ವರ್ಷ, ಮರದ ವರ್ಷವಲ್ಲ. ವಯಸ್ಸೇ ಗುಣವೆಂಬ ಅಳತೆಗೋಲನ್ನು ತಂಪು ದೇಶದವರು ತಮ್ಮ ಹವೆಗೆ ತಕ್ಕಂತೆ ಮಾಡಿಕೊಂಡಿದ್ದರು. ಅದು ಪ್ರಕೃತಿ ನಿಯಮವೆಂದು ನಾವೂ ನಂಬಿದ್ದೆವು. ಬೆಂಗಳೂರಿನವರು ಈ ವೇಗವನ್ನೇ ಬಂಡವಾಳ ಮಾಡಿಕೊಂಡು ವೈನ್ ಪೀಪಾಯಿಗಳತ್ತ ತಿರುಗಿದರು. 2010ರ 'ಇಂಟರ್‌ಮೀಡಿಯೇಟ್ ಶೆರಿ'ಯಲ್ಲಿ ವಿಸ್ಕಿ ಮೊದಲು ಅಮೆರಿಕದ ಬೂರ್ಬನ್ ಇದ್ದ ಪೀಪಾಯಿ ಮತ್ತು ಹೊಸ ಓಕ್ ಪೀಪಾಯಿಯಲ್ಲಿ, ನಡುವೆ ಶೆರಿ ಪೀಪಾಯಿಯಲ್ಲಿ, ಕೊನೆಗೆ ಮತ್ತೆ ಬೂರ್ಬನ್ ಪೀಪಾಯಿಯಲ್ಲಿ ವಾಸ ಮಾಡಿತು. 2011ರ 'ಪೋರ್ಟೊನೋವಾ'ದಲ್ಲಿ ನಡುವಣ ಸ್ಥಾನ ಪೋರ್ಟ್ ಪೀಪಾಯಿಗೆ. ಸ್ಕಾಟ್ಲೆಂಡಿನವರು ಕೊನೆಗೆ ಹಾಕುತ್ತಿದ್ದ ಒಗ್ಗರಣೆಯನ್ನು ಇವರು ನಡುವೆ ಹಾಕಿದರೆನ್ನಿ. ನಮ್ಮ ಸೆಕೆಯಲ್ಲಿ ವೈನಿನ ರುಚಿ ಬೇಗ ಮೇಲುಗೈಯಾಗಿಬಿಡುತ್ತದೆ. ಮತ್ತೆ ಹಳೆಯ ಪೀಪಾಯಿಗೆ ತಂದರೆ ಅದು ಹದಕ್ಕೆ ಬರುತ್ತದೆ. 2013ರಲ್ಲಿ ಎಂಟು ವರ್ಷ ಮಾಗಿದ ಒಂದು ವಿಸ್ಕಿ ಹೊರಬಂದಾಗ ಅದಕ್ಕೆ 'ದುರಾಸೆಯ ದೇವತೆಗಳು' ಎಂಬರ್ಥದ ಇಂಗ್ಲಿಷ್ ಹೆಸರಿಟ್ಟರು. ನೀಲಕಂಠ ಜಗದಾಳೆ 2019ರಲ್ಲಿ ತೀರಿಕೊಂಡರು.

ಇಂಥ ಪ್ರಯೋಗ ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ ಏಕೆ ನಡೆಯಲಿಲ್ಲ? ಧಾನ್ಯವಿದೆ, ಬಿಸಿಲಿದೆ, ತುಂಗಭದ್ರೆಯ ನೀರಿದೆ. ಉತ್ತರಕ್ಕೆ ನಕಾಶೆ ಬಿಡಿಸಬೇಕು. 1956ರ ತನಕ ರಾಣೆಬೆನ್ನೂರು ತಾಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯೇ ಗಡಿ. ಆಚೆ ದಡದ ಹರಿಹರ ಮೈಸೂರಿಗೆ ಸೇರಿದ್ದು, ಈಚೆಯದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಬೆಂಗಳೂರಿನಲ್ಲಿ ಅಮೃತ್ ಹುಟ್ಟಿದ ಮರುವರ್ಷವೇ, 1949ರಲ್ಲಿ, ಮುಂಬಯಿ ಸರಕಾರ ಪಾನನಿರೋಧ ಕಾಯಿದೆ ಮಾಡಿತು. 1950ರಿಂದ ಸಂಪೂರ್ಣ ಪಾನನಿರೋಧ. ರಾಜ್ಯ ಒಂದಾದ ಮೇಲೂ ಈ ಭಾಗದಲ್ಲಿ ಅದು ಮುಂದುವರಿದು, ತೆರವಾದದ್ದು 1967ರಲ್ಲಿ.

ಈ ಕಾಯಿದೆ ಆಕಾಶದಿಂದ ಉದುರಿದ್ದಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯೊಂದಿಗೆ ದಾಂಡಿಗೆ ನಡೆದವರು. ಉಪ್ಪಿನ ಸತ್ಯಾಗ್ರಹದ ಬೆನ್ನಿಗೇ ಗಾಂಧೀಜಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗಿಗೆ ಕರೆ ಕೊಟ್ಟರು. ಉಪ್ಪು ಮತ್ತು ಹೆಂಡ ಎರಡರ ಮೇಲೂ ಬ್ರಿಟಿಷ್ ಬೊಕ್ಕಸ ಕೈಯಿಟ್ಟಿತ್ತಷ್ಟೆ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹವೇ ನಡೆಯಿತು. ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಹೀಗೆ ಬೆಳೆದ ನಾಡಿನಲ್ಲಿ ಮದ್ಯದ ಪ್ರಯೋಗಶಾಲೆಯನ್ನು ಯಾರು ತಾನೇ ತೆರೆದಾರು? ಕುಡಿತದಿಂದ ಮನೆ ಹಾಳಾದದ್ದನ್ನು ಕಂಡವರ ಸಿಟ್ಟು ಸುಳ್ಳಲ್ಲ. ಮುಂದೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತದ್ದರ ಹಿಂದೆಯೂ ಅದೇ ಸಿಟ್ಟಿತ್ತು.

ಇನ್ನೊಂದು ಕಾರಣ ಅನ್ನ. 1966ರಲ್ಲಿ ದೇಶ ಒಂದು ಕೋಟಿ ಟನ್ನಿಗೂ ಮಿಕ್ಕಿ ಆಹಾರಧಾನ್ಯ ಆಮದು ಮಾಡಿಕೊಂಡಿತು, ಅದರಲ್ಲಿ ಹೆಚ್ಚಿನದು ಅಮೆರಿಕದ ಗೋಧಿ. ರೇಷನ್ ಸಾಲಿನಲ್ಲಿ ನಿಂತ ಜನರೆದುರು ಗೋಧಿಯನ್ನು ಭಟ್ಟಿಗೆ ಹಾಕುವ ಮಾತೇ ಅಪರಾಧವೆನಿಸುತ್ತಿತ್ತು. ಭಟ್ಟಿಗಳಿಗೆ ದೊರೆತದ್ದು ಸಕ್ಕರೆ ಕಾರ್ಖಾನೆಯ ಕಾಕಂಬಿ. ಕಾಕಂಬಿಯ ಮದ್ಯಸಾರಕ್ಕೆ ಬಣ್ಣ, ಪರಿಮಳ ಸೇರಿಸಿ ವಿಸ್ಕಿಯೆಂದು ಮಾರುವ ಪದ್ಧತಿ ಹೀಗೆ ಬೇರೂರಿತು. ಯುರೋಪಿನ ಕಾನೂನು ಇದನ್ನು ವಿಸ್ಕಿಯೆಂದು ಒಪ್ಪುವುದಿಲ್ಲ: ಧಾನ್ಯದ್ದೇ ಆಗಬೇಕು, 700 ಲೀಟರಿಗೆ ಮೀರದ ಮರದ ಪೀಪಾಯಿಯಲ್ಲಿ ಮೂರು ವರ್ಷವಾದರೂ ಇರಬೇಕು. ನನಗಂತೂ ಈ ತಕರಾರು ನ್ಯಾಯವೆಂದೇ ತೋರುತ್ತದೆ. ಕಾಕಂಬಿಯದು ರಮ್ಮಿನ ಜಾತಿ. ಅಮೃತ್ ಗ್ಲಾಸ್ಗೋದಲ್ಲಿ ಗೆಲ್ಲಬೇಕಾಗಿದ್ದದ್ದು ರುಚಿಯ ಪರೀಕ್ಷೆಯನ್ನಷ್ಟೇ ಅಲ್ಲ, ಭಾರತದ ವಿಸ್ಕಿ ಎಂದರೆ ಕಾಕಂಬಿ ಎಂಬ ಈ ಹೆಸರನ್ನು ಕೂಡ.

ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಇಂದು ಮೆಕ್ಕೆಜೋಳದ್ದೇ ದರ್ಬಾರು. ಗೋಧಿ ಇರುವುದು ಹಿಂಗಾರಿಗೆ, ಕಪ್ಪು ನೆಲದಲ್ಲಿ, ಅದೂ ಅಲ್ಪಸ್ವಲ್ಪ. ನಿಘಂಟು ನೋಡಿದರೆ ಜವೆ ಎಂದರೆ ಬಾರ್ಲಿ. ಆದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಜವೆ ಗೋಧಿ ಎಂದರೆ ಸದಕ ಎಂದೂ ಕರೆಯುವ, ಕುಟ್ಟಿದ ಹೊರತು ಹೊಟ್ಟು ಬಿಡದ ಹಳೆಯ ತಳಿ. ಸಸ್ಯಶಾಸ್ತ್ರದವರು ಇದನ್ನು ಎಮ್ಮರ್ ಎನ್ನುತ್ತಾರೆ. ಹೊಟ್ಟಿಲ್ಲದ ಗೋಧಿ ಸೋಸುವಾಗ ತೊಂದರೆ ಕೊಡುತ್ತದೆಂದು ಆಗಲೇ ಹೇಳಿದೆ. ಹೊಟ್ಟು ಬಿಡದ ಈ ಎಮ್ಮರ್ ಗೋಧಿಯಿಂದಲೇ ಪ್ರಾಚೀನ ಈಜಿಪ್ಟಿನವರು ರೊಟ್ಟಿಯನ್ನೂ ಬಿಯರನ್ನೂ ಮಾಡುತ್ತಿದ್ದರು. ನಮ್ಮಲ್ಲಿ ಅದನ್ನು ಕುಟ್ಟಿ, ಬೆಲ್ಲ ಹಾಕಿ, ಹಬ್ಬಕ್ಕೆ ಹುಗ್ಗಿ ಮಾಡುತ್ತಾರೆ.