ಹುಣ್ಣಿನ ರೋಗಾಣುವಿಗೆ ರಕ್ತದ ಊಟ

ಜನನಾಂಗದ ಹುಣ್ಣೆಂದರೆ ನಮ್ಮ ಕಡೆ ಇಂದಿಗೂ ಬಾಯಿಬಿಟ್ಟು ಹೇಳುವ ಮಾತಲ್ಲ. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಸಂಕೋಚ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಬಂದವರಿಗೆ, ನೀರುಗುಳ್ಳೆಗಳಿಲ್ಲದ ಹುಣ್ಣಾದರೆ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ರೂಢಿಗೆ ತಂದ ಕ್ರಮದಂತೆ ಒಂದೇ ಭೇಟಿಯಲ್ಲಿ ಎರಡು ಔಷಧ: ಬೆಂಜಥೈನ್ ಪೆನಿಸಿಲಿನ್ ಚುಚ್ಚುಮದ್ದು ಸಿಫಿಲಿಸ್‌ಗೆ, 1 ಗ್ರಾಂ ಅಜಿಥ್ರೊಮೈಸಿನ್ ಶ್ಯಾಂಕ್ರಾಯ್ಡ್‌ಗೆ. ಕೀವನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾವ ರೋಗಾಣುವೆಂದು ತಿಳಿದ ಮೇಲೆ ಮದ್ದು ಕೊಡಬಾರದೇ? ಇದು ವೈದ್ಯರ ಉದಾಸೀನವಲ್ಲ. ಹಿಂದೆ ನೂರು ವರ್ಷ ಮೀರಿದ ಕಥೆಯಿದೆ.

ಈ ಎರಡೂ ಬೇರೆ ರೋಗಗಳೆಂದು 1852ರಲ್ಲಿ ಹೇಳಿದವನು ಫ್ರಾನ್ಸಿನ ಬಾಸೆರೋ. ಸಿಫಿಲಿಸ್ ಹುಣ್ಣು ಗಟ್ಟಿ, ನೋವಿಲ್ಲ; ಶ್ಯಾಂಕ್ರಾಯ್ಡ್ ಮೆದು, ನೋವು ವಿಪರೀತ. ಆದರೆ ಅದರ ಕೀವಿನಲ್ಲಿ ಹತ್ತಾರು ಬಗೆಯ ಸೂಕ್ಷ್ಮಾಣುಗಳ ಸಂತೆ. ಅಪರಾಧಿ ಯಾರು? 1889ರಲ್ಲಿ ನೇಪಲ್ಸಿನ ಅಗಸ್ಟೊ ಡುಕ್ರೆ ವಿಚಿತ್ರ ಉಪಾಯ ಹೂಡಿದ. ರೋಗಿಯ ಕೀವನ್ನು ಅವನದೇ ಮುಂದೋಳಿಗೆ ಚುಚ್ಚಿದ. ಅಲ್ಲೆದ್ದ ಹುಣ್ಣಿನಿಂದ ಮತ್ತೊಂದು ಜಾಗಕ್ಕೆ, ಅಲ್ಲಿಂದ ಇನ್ನೊಂದಕ್ಕೆ. ಐದಾರು ಸಲ ಹೀಗೆ ಮಾಡುವಷ್ಟರಲ್ಲಿ ಉಳಿದವೆಲ್ಲ ಜರಡಿಯಾಡಿ, ಒಂದೇ ಬಗೆಯ ಗಿಡ್ಡ ಕಡ್ಡಿಯಂಥ ಬ್ಯಾಕ್ಟೀರಿಯಾ ಕಂಡಿತು. ರೋಗಿಯ ಚರ್ಮವೇ ತಟ್ಟೆಯಾದ ಈ ಪ್ರಯೋಗಕ್ಕೆ ಇಂದು ಯಾರೂ ಒಪ್ಪಿಗೆ ಕೊಡಲಾರರು. ಗಾಜಿನ ತಟ್ಟೆಯಲ್ಲಿ ಮಾತ್ರ ಡುಕ್ರೆಗೆ ಅದು ಬೆಳೆಯಲೇ ಇಲ್ಲ.

1900ರಲ್ಲಿ ಫ್ರಾನ್ಸಿನ ಬೆಜಾನ್ಸೋ, ಗ್ರಿಫೋ, ಲ ಸೂರ್ ಅಗರ್‌ಗೆ ರಕ್ತ ಬೆರೆಸಿ ಬೆಳೆಸಿದರು. ಕಾರಣ ಆಮೇಲೆ ತಿಳಿಯಿತು: ರಕ್ತದ ಹೀಮ್ ಎಂಬ ಅಂಶವನ್ನು ಈ ಜೀವಿ ತಾನೇ ತಯಾರಿಸಿಕೊಳ್ಳಲಾರದು. ಇದರ ಹಟ ಅಷ್ಟಕ್ಕೇ ಮುಗಿಯದು. ಮೈಬಿಸಿಯ 37 ಡಿಗ್ರಿ ಬೇಡ, 33 ಬೇಕು. ತೇವ ಬೇಕು, 5 ಶೇಕಡ ಇಂಗಾಲದ ಡೈಆಕ್ಸೈಡ್ ಬೇಕು. ಉಳಿದ ಸೂಕ್ಷ್ಮಾಣುಗಳನ್ನು ತಡೆಯಲು ವ್ಯಾಂಕೊಮೈಸಿನ್ ಬೆರೆಸಬೇಕು. ಎರಡು ಮೂರು ದಿನಕ್ಕೆ ಬೂದುಹಳದಿ ಚುಕ್ಕೆಗಳೆದ್ದರೆ, ತಂತಿಯಿಂದ ತಳ್ಳಿದಾಗ ಒಡೆಯದೆ ಇಡಿಯಾಗಿ ಜಾರುವುದೇ ಗುರುತು. ಇಷ್ಟು ಮಾಡಿದರೂ ಪ್ರತಿ ಐದು ರೋಗಿಗಳಲ್ಲಿ ಒಬ್ಬರದಾದರೂ ತಪ್ಪಿಹೋಗುತ್ತದೆ.

ಕೀವು ಒರೆಸಿದ ಹತ್ತಿಯಲ್ಲಿ ಇದು ಬದುಕುವುದು ಕೆಲವೇ ತಾಸು. ಗಜೇಂದ್ರಗಡದಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಕಳಿಸಿದರೆ ತಲುಪುವುದು ಬಹುಶಃ ಹೆಣ. ಫಲಿತಾಂಶಕ್ಕೆ ಕಾಯಹೇಳಿದ ರೋಗಿಯೂ ಮರಳಿ ಬರುವುದು ಅನುಮಾನ. ಅಷ್ಟರಲ್ಲಿ ತೆರೆದ ಹುಣ್ಣು ಎಚ್‌ಐವಿಗೆ ಬಾಗಿಲು. ಆದ್ದರಿಂದಲೇ ಕಾಯದೆ ಎರಡೂ ಮದ್ದು.

ಹಾಗೆಂದು ಕಲ್ಚರ್ ವ್ಯರ್ಥವಲ್ಲ. ಪೆನಿಸಿಲಿನ್‌ಗೆ ಈ ರೋಗಾಣು ಬಗ್ಗದೆಂದು ತಿಳಿದದ್ದು ತಟ್ಟೆಯಲ್ಲಿ ಬೆಳೆಸಿ ನೋಡಿದ್ದರಿಂದ. ಸಮೋವಾದಿಂದ ಬಂದ ಹುಡುಗಿಯರ ಕಾಲಿನ ಹುಣ್ಣಿನಲ್ಲೂ ಇದು ಸಿಕ್ಕಿತೆಂದು ನ್ಯೂಜಿಲೆಂಡಿನ ವೈದ್ಯರು 2007ರಲ್ಲಿ ವರದಿ ಮಾಡಿದರು. ಅದಕ್ಕೂ ಲೈಂಗಿಕ ಸಂಪರ್ಕಕ್ಕೂ ಸಂಬಂಧವೇ ಇರಲಿಲ್ಲ.