ಓಹಿರಾದಾಯ್: ಹಿಂದು ಮುಂದಾಗುವ ನಿಲ್ದಾಣ

ಬೆಟ್ಟ ಹತ್ತುವವನು ಹಿಮ್ಮುಖವಾಗಿ ಹೆಜ್ಜೆಯಿಟ್ಟರೆ ನಾವು ನಗುತ್ತೇವೆ. ಆದರೆ ಜಪಾನಿನ ಕನಗಾವ ಪ್ರಾಂತದ ಹಕೋನೆ ಬೆಟ್ಟಗಳಲ್ಲಿ ಹಾಗೆ ಮಾಡದೆ ಮೇಲೇರಲಾರದ ರೈಲೊಂದುಂಟು. ಓಹಿರಾದಾಯ್ ಎಂಬ ಪುಟ್ಟ ನಿಲ್ದಾಣಕ್ಕೆ ಬಂದ ಬಂಡಿ ಮುಂದೆ ಹೋಗುವಂತಿಲ್ಲ. ಅಲ್ಲಿಗೆ ಹಳಿಯೇ ಮುಗಿದಿರುತ್ತದೆ. ಚಾಲಕನೂ ಗಾರ್ಡೂ ಇಳಿದು, ಒಬ್ಬರಿಗೊಬ್ಬರು ಎದುರಾಗಿ ನಡೆದು, ಸ್ಥಳ ಬದಲಿಸಿಕೊಳ್ಳುತ್ತಾರೆ. ಬಾಲವಾಗಿದ್ದುದು ತಲೆಯಾಗುತ್ತದೆ. ಬಂಡಿ ಬಂದ ದಿಕ್ಕಿಗೇ ಹೊರಟು, ಬೇರೊಂದು ಹಳಿಯನ್ನು ಹಿಡಿದು ಮೇಲೇರುತ್ತದೆ.

ಹಕೋನೆಯು ಪುರಾತನವಾದ ತೋಕೈದೊ ಹೆದ್ದಾರಿಯ ಕಣಿವೆ. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ತಾಣ. ಆದರೂ 1889ರಲ್ಲಿ ಟೋಕಿಯೋದಿಂದ ಕೋಬೆಯವರೆಗೆ ಪೂರ್ಣಗೊಂಡ ರೈಲುದಾರಿ ಈ ಬೆಟ್ಟಕ್ಕೆ ಅಂಜಿ ಉತ್ತರದಿಂದ ಬಳಸಿಕೊಂಡು ಹೋಯಿತು. ಬೆಟ್ಟದ ತಪ್ಪಲಿಗೆ ಜನರನ್ನು ಕರೆತರುವ ಹೊಣೆ ಖಾಸಗಿಯವರ ಪಾಲಿಗೆ ಬಂತು. ಕೋಜುವಿನಿಂದ ಯುಮೋತೊವರೆಗೆ 1888ರಲ್ಲಿಯೇ ಕುದುರೆ ಎಳೆಯುವ ಟ್ರಾಮು ಹೊರಟಿತ್ತು. 1900ರಲ್ಲಿ ಕುದುರೆಯ ಬದಲಿಗೆ ವಿದ್ಯುಚ್ಛಕ್ತಿ ಬಂದಿತು. ಇನ್ನುಳಿದುದು ಯುಮೋತೊದಿಂದ ಗೋರದವರೆಗಿನ ಏರು.

ಆ ಏರು ಸಾಮಾನ್ಯವಾದುದಲ್ಲ. 8.9 ಕಿಲೋಮೀಟರಿನಲ್ಲಿ ಸುಮಾರು 445 ಮೀಟರು ಎತ್ತರಕ್ಕೆ ಹೋಗಬೇಕು. ಹಲ್ಲುಳ್ಳ ಹಳಿ ಹಾಕುವ ಯೋಚನೆ ಮೊದಲಿತ್ತು. ಸ್ವಿಟ್ಜರ್ಲೆಂಡಿನ ಬೆರ್ನಿನಾ ರೈಲ್ವೆಯನ್ನು ಕಂಡ ಮೇಲೆ ಅದನ್ನು ಕೈಬಿಟ್ಟು, ಬರಿಯ ಚಕ್ರದ ಹಿಡಿತದಿಂದಲೇ ಏರುವ ದಾರಿಯನ್ನು ಆರಿಸಿದರು. ಅತಿ ಕಡಿದಾದ ಕಡೆ ಹನ್ನೆರಡೂವರೆ ಅಡಿ ಸಾಗುವಲ್ಲಿ ಒಂದು ಅಡಿ ಏರು! ಇಳಿಯುವಾಗ ಬಂಡಿ ಕೈಮೀರದಂತೆ ಹಿಡಿದಿಡುವುದು ಇನ್ನೂ ಕಷ್ಟ. ಬೆಟ್ಟದ ಮೈ ಅಷ್ಟು ಇಕ್ಕಟ್ಟಾದುದರಿಂದ ದಾರಿಯನ್ನು ಮೂರೆಡೆ ಹಿಂದುಮುಂದಾಗಿ ಮಡಿಸಿದರು. ಎರಡು ಮಡಿಕೆಗಳಲ್ಲಿ ಪ್ರಯಾಣಿಕರು ಹತ್ತಿಳಿಯುವಂತಿಲ್ಲ, ನಡುವಿನದು ಓಹಿರಾದಾಯ್. ಮಡಿಕೆಗಳು ಮೂರಾದ ಕಾರಣ, ಯುಮೋತೊದಲ್ಲಿ ಮುಂದಿನ ಗಾಡಿಯಲ್ಲಿ ಜಂಬದಿಂದ ಕುಳಿತವರು ಗೋರಕ್ಕೆ ಹಿಂದಿನ ಗಾಡಿಯವರಾಗಿ ಬಂದು ಸೇರುತ್ತಾರೆ.

ತಿರುವುಗಳೂ ಬಲು ಬಿಗಿ. ಕೆಲವೆಡೆ ಅವುಗಳ ತ್ರಿಜ್ಯ ಕೇವಲ 30 ಮೀಟರು. ಚಕ್ರ ಉಜ್ಜಿ ಹಳಿ ಸವೆಯದಿರಲು ಬೇರೆಡೆ ಎಣ್ಣೆ ಹಚ್ಚುವುದುಂಟು. ಇಲ್ಲಿ ಎಣ್ಣೆ ಹಚ್ಚಿದರೆ ಬಂಡಿ ಜಾರುವ ಭಯ. ಆದುದರಿಂದ ಬಂಡಿಯೇ ನೀರಿನ ತೊಟ್ಟಿ ಹೊತ್ತು, ತಿರುವು ಬಂದಾಗ ಹಳಿಯ ಮೇಲೆ ನೀರು ಚಿಮುಕಿಸುತ್ತ ಹೋಗುತ್ತದೆ. ಯಂತ್ರಯುಗದ ಈ ಉಪಾಯದಲ್ಲಿ ಹಳ್ಳಿಯವರ ವಿವೇಕವೇ ಇದೆಯೆಂದು ನನಗೆ ತೋರುತ್ತದೆ.

ಒಂದನೆಯ ಮಹಾಯುದ್ಧದಿಂದ ಹೊರದೇಶದ ಸಾಮಗ್ರಿ ಬರುವುದು ತಡವಾಯಿತು. ಹಯಕಾವ ನದಿಗೆ ಹೊಸ ಸೇತುವೆ ದೊರೆಯದೆ, ತೆನ್ರ್ಯು ನದಿಯ ಮೇಲೆ ಸೇವೆ ಮುಗಿಸಿದ್ದ 1888ರ ತೊಲೆಗಳನ್ನು ತಂದು 1917ರಲ್ಲಿ ಜೋಡಿಸಿದರು. ಆ ಹಳೆಯ ಸೇತುವೆ ಇಂದಿಗೂ ಬಂಡಿಗಳನ್ನು ಹೊರುತ್ತಿದೆ. ದಾರಿ ತೆರೆದುದು 1919ರ ಜೂನ್ 1ರಂದು. ನಾಲ್ಕೇ ವರ್ಷಕ್ಕೆ, 1923ರ ಸೆಪ್ಟೆಂಬರಿನ ಮಹಾಭೂಕಂಪ ಅದನ್ನು ಮುರಿಯಿತು. ಮರುವರ್ಷದ ಕೊನೆಯ ಹೊತ್ತಿಗೆ ಮತ್ತೆ ಕಟ್ಟಿದರು.

ನೂರು ವರ್ಷ ತುಂಬಿದ 2019ರಲ್ಲಿಯೇ ಎರಡನೆಯ ಪರೀಕ್ಷೆ ಬಂದಿತು. ಅಕ್ಟೋಬರ್ 12ರ ಚಂಡಮಾರುತದಲ್ಲಿ ಹಕೋನೆಯಲ್ಲಿ ಒಂದೇ ದಿನ 922.5 ಮಿಲಿಮೀಟರು ಮಳೆ ಸುರಿಯಿತು. ಜಪಾನಿನ ಒಂದು ದಿನದ ಮಳೆಯ ದಾಖಲೆ ಅದು. ಗುಡ್ಡ ಕುಸಿದು, ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ, ಓಹಿರಾದಾಯಿಯ ಜನ ಒಂಬತ್ತು ತಿಂಗಳು ರೈಲಿನ ಸದ್ದು ಕೇಳದೆ ಬಸ್ಸುಗಳನ್ನು ನೆಚ್ಚಿಕೊಂಡಿರಬೇಕಾಯಿತು. 2020ರ ಜುಲೈ 23ರಂದು ದಾರಿ ಮತ್ತೆ ತೆರೆಯಿತು. 2024ರ ಏಪ್ರಿಲಿನಲ್ಲಿ ಕಂಪನಿಯ ಹೆಸರು ಒಡಾಕ್ಯು ಹಕೋನೆ ಎಂದಾಯಿತು. ಓಹಿರಾದಾಯಿಯಲ್ಲಿ ಚಾಲಕನೂ ಗಾರ್ಡೂ ಈಗಲೂ ಎದುರುಬದುರಾಗಿ ನಡೆದು ಸ್ಥಳ ಬದಲಿಸಿಕೊಳ್ಳುತ್ತಾರೆ.