ಲಾಂಗ್‌ಫೆಲೊ ಸಿದ್ಧಪಡಿಸಿದ ಸ್ಪ್ಯಾನಿಷ್ ಪಠ್ಯ

ಪರಭಾಷೆಯೊಂದರ ವ್ಯಾಕರಣವನ್ನು ಮುಗಿಸಿದ ವಿದ್ಯಾರ್ಥಿಗೆ ಆ ಭಾಷೆಯ ಮಹಾಕೃತಿಗಳು ಕೂಡಲೆ ಎಟುಕುವುದಿಲ್ಲ. ಈ ನಡುವಣ ಮೆಟ್ಟಿಲಿಗೆ ತಕ್ಕ ಪಠ್ಯ ಯಾವುದು? ಅಮೆರಿಕದ ಕಾಲೇಜುಗಳಲ್ಲಿ ಸ್ಪ್ಯಾನಿಷ್ ಬೋಧನೆ ಬೇರೂರುತ್ತಿದ್ದ ಕಾಲದ ಒಂದು ಚಿಕ್ಕ ಪುಸ್ತಕವನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಕವಿ ಲಾಂಗ್‌ಫೆಲೊ 1827ರಲ್ಲಿ ಸ್ಪೇನಿನಲ್ಲಿ ಸಂಚರಿಸಿ, 1829ರಲ್ಲಿ ಮೇನ್ ಸಂಸ್ಥಾನದ ಬೋಡಿನ್ ಕಾಲೇಜಿನಲ್ಲಿ ಆಧುನಿಕ ಭಾಷೆಗಳ ಅಧ್ಯಾಪಕನಾದನು. ತಕ್ಕ ಪಠ್ಯಗಳು ದೊರೆಯದಿರಲು ತಾನೇ ಅವುಗಳನ್ನು ಸಿದ್ಧಗೊಳಿಸತೊಡಗಿ, 1830ರಲ್ಲಿ ‘ನೊವೇಲಾಸ್ ಎಸ್ಪಾನ್ಯೋಲಾಸ್’ ಎಂಬ ಎರಡು ಕಥೆಗಳ ಪುಸ್ತಕವನ್ನು ಪ್ರಕಟಿಸಿದನು. ಹೆಸರಿನ ಅರ್ಥ ‘ಸ್ಪ್ಯಾನಿಷ್ ಕಥೆಗಳು’ ಎಂದಾದರೂ ಇವುಗಳ ಮೂಲಲೇಖಕನು ಅಮೆರಿಕದ ವಾಷಿಂಗ್ಟನ್ ಇರ್ವಿಂಗ್. ಮಾಂಟ್ಗೊಮೆರಿ ಎಂಬಾತನು ಇವನ್ನು ಸ್ಪ್ಯಾನಿಷಿಗೆ ಅಳವಡಿಸಿ 1829ರಲ್ಲಿ ಪ್ರಕಟಿಸಿದ್ದನು. ಇಪ್ಪತ್ತು ವರ್ಷ ನಿದ್ರಿಸಿದ ರಿಪ್ ವ್ಯಾನ್ ವಿಂಕಲನ ಕಥೆ ಅಲ್ಲಿ ಸ್ಪೇನಿನ ಆಲ್ಪುಹಾರ ಬೆಟ್ಟಗಾಡಿನವನೊಬ್ಬನ ಕಥೆಯಾಗಿದೆ.

ಇಂತಹ ಪಠ್ಯವನ್ನು ಕೃತಕವೆಂದು ತಳ್ಳಿಹಾಕುವುದು ಸುಲಭ. ಆದರೆ ಕಥೆ ಪರಿಚಿತವಾಗಿದ್ದರೆ ವಿದ್ಯಾರ್ಥಿಯ ಗಮನವೆಲ್ಲ ನುಡಿಯ ಕಡೆಗೆ ಹರಿಯುತ್ತದೆ; ಅರ್ಥ ತಿಳಿಯದ ಪದವನ್ನು ಅವನು ಸಂದರ್ಭದಿಂದಲೇ ಊಹಿಸಬಲ್ಲನು. ಸಾಹಿತ್ಯಚರಿತ್ರೆಯಲ್ಲಿ ಎಡೆಯಿಲ್ಲದ ಈ ಪುಸ್ತಕಕ್ಕೆ ಭಾಷಾಬೋಧನೆಯ ಚರಿತ್ರೆಯಲ್ಲಿ ಗೌರವದ ಸ್ಥಾನ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.